ಕಿಟ್ ಲೆನ್ಸ್‌ನಲ್ಲಿ ಚಂದ್ರಗ್ರಹಣದ ಫೋಟೋ ಬರುತ್ತಾ? ನನಗೆ ಬರೀ ಬಿಳಿ ಚುಕ್ಕೆ ಬಂತು

ಬರುತ್ತೆ. ಆದರೆ ಆಟೋ ಮೋಡ್ ಬಿಡಬೇಕು.

ನೀವು ಬರೆದಿದ್ದು ಇಷ್ಟು: 2025ರ ಸೆಪ್ಟೆಂಬರ್ 7ರ ರಾತ್ರಿ ಬಾಗಲಕೋಟೆಯಲ್ಲಿ ಮಾಳಿಗೆ ಮೇಲೆ ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸ್ ಹಾಕಿಕೊಂಡು ನಿಂತಿರಿ. ಮೊದಲು ಚಂದ್ರ ಬಿಳಿ ಚುಕ್ಕೆಯಾಗಿ ಬಂದ. ಪೂರ್ತಿ ಗ್ರಹಣ ಹಿಡಿದು ಕೆಂಪಾದ ಮೇಲೆ ಕ್ಯಾಮೆರಾ ಕ್ಲಿಕ್ಕೇ ಆಗಲಿಲ್ಲ. ಈಗ ದೊಡ್ಡ ಲೆನ್ಸ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ್ರಿ, ದುಡ್ಡು ಇಟ್ಟುಕೊಳ್ಳಿ. ಎರಡೂ ತೊಂದರೆ ಲೆನ್ಸಿನದ್ದಲ್ಲ.

ಬಿಳಿ ಚುಕ್ಕೆ ಬಂದಿದ್ದು ಹೀಗೆ. ಫ್ರೇಮ್ ತುಂಬಾ ಕಪ್ಪು ಆಕಾಶ, ಚಂದ್ರ ಒಂದು ಮೂಲೆಯಷ್ಟು. ಕತ್ತಲೆ ಜಾಸ್ತಿ ಇದೆ ಅಂದುಕೊಂಡು ಕ್ಯಾಮೆರಾ ಶಟರನ್ನು ಬಹಳ ಹೊತ್ತು ತೆರೆದಿಡುತ್ತದೆ. ನಿಜವಾಗಿ ಹುಣ್ಣಿಮೆ ಚಂದ್ರ ಅಂದರೆ ಬಿಸಿಲಿಗೆ ಬಿದ್ದ ಕಲ್ಲುನೆಲ ಅಷ್ಟೇ. ಹಗಲಿನ ಸೆಟ್ಟಿಂಗೇ ಸಾಕು. ಮ್ಯಾನುಯಲ್ ಮೋಡ್, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಇಳಿದರೆ ಕಿಂಡಿ ದೊಡ್ಡದು), ಶಟರ್ 1/250 ಸೆಕೆಂಡ್. ಕಲೆಗಳೂ ಕಾಣುತ್ತವೆ.

ಕ್ಲಿಕ್ ಆಗದೇ ಇದ್ದಿದ್ದು ಆಟೋಫೋಕಸ್‌ನಿಂದ. ಕೆಂಪು ಚಂದ್ರ ಎಷ್ಟು ಮಂಕಾಗಿರುತ್ತಾನೆ ಅಂದರೆ ಲೆನ್ಸ್ ಆ ಕಡೆ ಈ ಕಡೆ ತಿರುಗಿ ಹುಡುಕುತ್ತಲೇ ಇರುತ್ತದೆ. ಫೋಕಸ್ ಸಿಗದಿದ್ದರೆ ಶಟರ್ ಬೀಳುವುದಿಲ್ಲ. ಹಾಗಾಗಿ ಗ್ರಹಣ ಹಿಡಿಯುವ ಮೊದಲೇ, ಚಂದ್ರ ಪೂರ್ತಿ ಬೆಳಗುತ್ತಿರುವಾಗ, ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಸ್ಕ್ರೀನಿನಲ್ಲಿ, ದೊಡ್ಡದು ಮಾಡಿ ಅಂಚಿಗೆ ಫೋಕಸ್ ಮಾಡಿ. ಆಮೇಲೆ ಲೆನ್ಸನ್ನು ಮ್ಯಾನುಯಲ್ ಫೋಕಸ್‌ಗೆ ಹಾಕಿ ಆ ರಿಂಗ್ ಮುಟ್ಟಬೇಡಿ. ಜೂಮ್ ಬದಲಿಸಿದರೆ ಮಾತ್ರ ಮತ್ತೊಮ್ಮೆ ನೋಡಿಕೊಳ್ಳಿ.

ಇನ್ನು ನಿಜವಾದ ಕೆಲಸ. ಗ್ರಹಣಕ್ಕೆ ಒಂದು ಸೆಟ್ಟಿಂಗ್ ಅಂತ ಇಲ್ಲ. ಆ ರಾತ್ರಿ 9:57ಕ್ಕೆ ನೆರಳು ಕಚ್ಚಲು ಶುರುವಾಯಿತು, 11ಕ್ಕೆ ಪೂರ್ತಿ ಮುಚ್ಚಿತು. ಒಂದೇ ಗಂಟೆ. ಅಷ್ಟರಲ್ಲಿ 1/250ರಿಂದ ಇಳಿದು ಐಎಸ್‌ಒ 1600, ಎಫ್/5.6, ಒಂದು ಸೆಕೆಂಡ್ ತನಕ ಬರಬೇಕು. ಲೆಕ್ಕ ಹಾಕಿ ನೋಡಿ, 8,000 ಪಟ್ಟು ವ್ಯತ್ಯಾಸ! ಅರ್ಧ ಕಚ್ಚಿರುವಾಗ ಬೆಳಕಿರುವ ಭಾಗವನ್ನೇ ನಂಬಿ: 1/125, ಆಮೇಲೆ 1/60, 1/30. ಆಗ ನೆರಳಿನ ಭಾಗ ಕಪ್ಪಗೆ ಬರುತ್ತೆ, ಬರಲಿ. ಒಂದೇ ಫೋಟೋದಲ್ಲಿ ಬಿಳಿ, ಕೆಂಪು ಎರಡೂ ಸರಿಯಾಗಿ ಬೇಕು ಅಂತ ಹಟ ಹಿಡಿದರೆ ಎರಡೂ ಕೆಡುತ್ತವೆ.

ನಾನು ಕೊಟ್ಟ ಅಂಕಿಗಳನ್ನೂ ಕಣ್ಣು ಮುಚ್ಚಿ ಹಾಕಬೇಡಿ. ಭೂಮಿಯ ಗಾಳಿಯಲ್ಲಿ ಬಾಗಿ ಹೋದ ಸೂರ್ಯನ ಬೆಳಕೇ ಆಗ ಚಂದ್ರನಿಗೆ ತಲುಪುವುದು. ನೀಲಿ ದಾರಿಯಲ್ಲೇ ಚೆದುರಿ ಕೆಂಪು ಉಳಿಯುತ್ತದೆ. ಗಾಳಿಯಲ್ಲಿ ಧೂಳು ಜಾಸ್ತಿ ಇದ್ದರೆ ಅದೂ ಇಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೋ ಜ್ವಾಲಾಮುಖಿ ಸಿಡಿದಿತ್ತು. ಮರುವರ್ಷ ಡಿಸೆಂಬರ್ ಗ್ರಹಣದಲ್ಲಿ ಚಂದ್ರ ಕಣ್ಣಿಗೆ ಸಿಗುವುದೇ ಕಷ್ಟ ಅನ್ನುವಷ್ಟು ಕಪ್ಪಾಗಿದ್ದ. ಆದ್ದರಿಂದ ಪ್ರತಿ ಸಲ ಸ್ಕ್ರೀನ್ ನೋಡಿ, ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ನಕ್ಷೆ) ನೋಡಿ, ಆಮೇಲೆ ಮುಂದಿನದು. ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಡಿ. ಆಟೋದಲ್ಲಿ ಬಿಟ್ಟರೆ ಇದ್ದ ಕೆಂಪನ್ನೂ ಅದು ತಿದ್ದಿಬಿಡುತ್ತೆ. ಕ್ಯಾಮೆರಾ ತಿದ್ದದೆ ಕೊಡುವ ರಾ (RAW) ಫೈಲ್ ಇಟ್ಟುಕೊಳ್ಳಿ.

ಟ್ರೈಪಾಡ್ ಬೇಕೇ ಬೇಕು. ಎರಡು ಸೆಕೆಂಡ್ ಟೈಮರ್ ಹಾಕಿ, ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಆಫ್ ಮಾಡಿ. ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಜರುಗುತ್ತಾನೆ. 300 ಎಂಎಂನ ದೊಡ್ಡ ಲೆನ್ಸ್ ಆದರೆ ಒಂದು ಸೆಕೆಂಡ್ ದಾಟಿದರೆ ಅಂಚು ಅಳಿಸಿದ ಹಾಗೆ ಬರುತ್ತೆ. ಅದಕ್ಕಿಂತ ಐಎಸ್‌ಒ ಏರಿಸುವುದೇ ವಾಸಿ. ಹಾಂ, ಸೂರ್ಯಗ್ರಹಣಕ್ಕೆ ಹಾಕುವ ಫಿಲ್ಟರ್ ಇಲ್ಲಿ ಬೇಡ. ನಮ್ಮವ್ವ ಗ್ರಹಣ ಬಿಡುವ ತನಕ ನೀರೂ ಮುಟ್ಟುವುದಿಲ್ಲ, ಆದರೆ ಮಾಳಿಗೆಗೆ ಬಂದು "ಎಷ್ಟು ಹಿಡೀತು?" ಅಂತ ಕೇಳಿ ಹೋಗುತ್ತಾಳೆ. ಬರಿಗಣ್ಣಿಗೆ ಏನೂ ಆಗುವುದಿಲ್ಲ.

55 ಎಂಎಂನಲ್ಲಿ ಚಂದ್ರ ಸೆನ್ಸರ್ ಮೇಲೆ ಅರ್ಧ ಮಿಲಿಮೀಟರ್ ಅಷ್ಟೇ. 300 ಹಾಕಿದರೂ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಎತ್ತರದ ಆರನೇ ಒಂದು ಪಾಲು. ದೊಡ್ಡ ಚಂದ್ರ ಬೇಕಿದ್ದರೆ ಆ ಒಂದು ರಾತ್ರಿಗೆ ಯಾರ ಹತ್ತಿರವಾದರೂ 70-300 ಕೇಳಿ ತನ್ನಿ. ಆದರೆ ನಿಮ್ಮ 18 ಎಂಎಂನಲ್ಲಿ ಆಗುವ ಕೆಲಸ ಅದರಲ್ಲಿ ಆಗಲ್ಲ. ಕ್ಯಾಮೆರಾ ಅಲುಗಿಸದೆ ಐದೈದು ನಿಮಿಷಕ್ಕೊಂದು ತೆಗೆಯಿರಿ. ಫ್ರೇಮಿನ ಉದ್ದದ ಬದಿ ಚಂದ್ರ ಹೋಗುವ ದಾರಿಗೆ ಸರಿಯಾಗಿದ್ದರೆ ಮೂರೂವರೆ ಗಂಟೆಯ ಗ್ರಹಣ ಪೂರ್ತಿ ಹಿಡಿಸುತ್ತದೆ. ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು, ಬೆಳಕಿರುವುದನ್ನಷ್ಟೇ ಉಳಿಸುವ ಲೈಟನ್ ಮೋಡ್ ಹಾಕಿದರೆ ಬಿಳಿಯಿಂದ ಕೆಂಪು, ಕೆಂಪಿನಿಂದ ಬಿಳಿ ಚಂದ್ರರ ಸಾಲು ಬರುತ್ತೆ. ನನಗಂತೂ ಒಂಟಿ ದೊಡ್ಡ ಚಂದ್ರನಿಗಿಂತ ಇದೇ ಇಷ್ಟ. ಫ್ರೇಮ್ ಎಲ್ಲಿ ಇಡಬೇಕು ಅಂತ ಹಿಂದಿನ ರಾತ್ರಿಯೇ ನೋಡಿ. ಹೆಚ್ಚುಕಮ್ಮಿ ಅದೇ ಜಾಗಕ್ಕೆ ಚಂದ್ರ ಆ ಹಿಂದಿನ ರಾತ್ರಿ ಸುಮಾರು 50 ನಿಮಿಷ ಮೊದಲೇ ಬಂದಿರುತ್ತಾನೆ.

ವಿಜಯಪುರಕ್ಕೆ ಬಂದು ಗೋಳಗುಮ್ಮಟದ ಮೇಲೆ ಕೆಂಪು ಚಂದ್ರನನ್ನು ಕೂರಿಸುತ್ತೇನೆ ಅಂದಿದ್ದೀರಲ್ಲ, ಅದು ಅಷ್ಟು ಸುಲಭ ಅಲ್ಲ. ಗುಮ್ಮಟದ ಅಗಲ ಸುಮಾರು 44 ಮೀಟರ್. ಚಂದ್ರ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ ಐದು ಕಿಲೋಮೀಟರ್ ದೂರ ನಿಲ್ಲಬೇಕು, ಚಂದ್ರನೂ ಆಗಷ್ಟೇ ಹುಟ್ಟಿರಬೇಕು. ಊರಿನ ಪಶ್ಚಿಮಕ್ಕೆ, ತೊರವಿ ಕಡೆ, ಎತ್ತರದ ಜಾಗ ಹುಡುಕಿಕೊಂಡು ಮಾಮೂಲಿ ಹುಣ್ಣಿಮೆಯಲ್ಲಿ ಪ್ರಯತ್ನಿಸಿ. ನಮ್ಮಲ್ಲಿ ಪೂರ್ತಿ ಕಾಣುವ ಮುಂದಿನ ಖಗ್ರಾಸ ಗ್ರಹಣ 2028ರ ಡಿಸೆಂಬರ್ 31ಕ್ಕೆ. ರಾತ್ರಿ ಸುಮಾರು 9:45ರಿಂದ 11ರ ತನಕ ಕೆಂಪು. ಅಷ್ಟೊತ್ತಿಗೆ ಚಂದ್ರ ಅರ್ಧ ಆಕಾಶ ದಾಟಿ ಮೇಲಿರುತ್ತಾನೆ, ಗುಮ್ಮಟ ಕೆಳಗೆಲ್ಲೋ ಉಳಿಯುತ್ತದೆ. ಗ್ರಹಣ ಬಿಡುವ ಹೊತ್ತಿಗಂತೂ ನೆತ್ತಿಯ ಹತ್ತಿರ. ನಿಮ್ಮ ಟ್ರೈಪಾಡ್ ತಲೆ ಅಷ್ಟು ಮೇಲಕ್ಕೆ ತಿರುಗುತ್ತಾ ಅಂತ ಈಗಲೇ ನೋಡಿಕೊಳ್ಳಿ. ಅಗ್ಗದ ಟ್ರೈಪಾಡ್‌ಗಳಲ್ಲಿ ಹ್ಯಾಂಡಲ್ ಕಾಲಿಗೆ ತಾಗಿ ಅಲ್ಲೇ ನಿಲ್ಲುತ್ತೆ. ಕ್ಯಾಮೆರಾ ಹಿಂದುಮುಂದಾಗಿ ಕೂರಿಸಿದರೆ ಆಗುತ್ತೆ.