ಕೊರಿಯಾದವ್ರು, ಟರ್ಕಿಯವ್ರು ನಿಜಕ್ಕೂ ಅಣ್ತಮ್ಮಂದ್ರಾ?

ನೀವು ಕೇಳಿರೋದು ಎರಡು. ಈ "ಅಣ್ತಮ್ಮಂದ್ರ ದೇಶ" ಅನ್ನೋದು ನಿಜಾನಾ ಇಲ್ಲ ರೀಲ್ಸ್‌ನೋರು ಕಟ್ಟಿರೋ ಕತೇನಾ ಅಂತ ಒಂದು, ಇಬ್ರೂ ಒಂದೇ ಮೂಲದೋರಾ ಅಂತ ಇನ್ನೊಂದು. ನಾನು ಕೆಲ್ಸದ ಮೇಲೆ ಕೆಲವು ವರ್ಷ ಕೊರಿಯಾದ ಸುವಾನ್‌ನಲ್ಲಿದ್ದೆ, ಆಫೀಸಲ್ಲಿ ಇಸ್ತಾಂಬುಲ್ ಕಡೆ ಹುಡುಗ್ರೂ ಇದ್ರು, ಹಾಗಾಗಿ ಈ ಚರ್ಚೆ ಊಟದ ಟೇಬಲ್ಲಲ್ಲಿ ಬೇಜಾನ್ ಕೇಳಿದೀನಿ.

ಎರಡನೇದನ್ನ ಮೊದ್ಲು ಮುಗಿಸ್ಬಿಡ್ತೀನಿ. 6-7ನೇ ಶತಮಾನದಲ್ಲಿ ಮಧ್ಯ ಏಷ್ಯಾದ ಹಳೇ ತುರ್ಕಿ ಜನ ಗೋಕ್‌ತುರ್ಕರಿಗೂ ಕೊರಿಯಾದ ಗೊಗುರ್ಯೊ ರಾಜ್ಯಕ್ಕೂ ಚೀನಾನೇ ತಲೆನೋವು, ಅವ್ರ ಮಧ್ಯೆ ಓಡಾಟ ಇತ್ತು. ಈಗಿನ ಉಜ್ಬೇಕಿಸ್ತಾನದ ಸಮರ್ಕಂದದ ಅಫ್ರಾಸಿಯಾಬ್‌ನಲ್ಲಿ ಸಿಕ್ಕಿರೋ 7ನೇ ಶತಮಾನದ ಗೋಡೆಚಿತ್ರದಲ್ಲಿ ತಲೆಗೆ ಗರಿ ಸಿಕ್ಕಿಸ್ಕೊಂಡು ನಿಂತಿರೋ ಇಬ್ರು ಕೊರಿಯಾದ ದೂತರು ಅಂತ ವಿದ್ವಾಂಸರು ಹೇಳ್ತಾರೆ. ಅಷ್ಟೇ. ಆಮೇಲೆ 1950ರ ತನಕ ಹೇಳ್ಕೊಳ್ಳೋವಂಥದ್ದು ಏನೂ ಇಲ್ಲ. ಕೊರಿಯನ್, ಟರ್ಕಿಶ್ ಎರಡೂ "ಆಲ್ಟಾಯಿಕ್" ಅನ್ನೋ ಒಂದೇ ಕುಟುಂಬದ ಭಾಷೆಗಳು ಅನ್ನೋ ವಾದಾನ ಈಗ ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲ್ಲ. ಕ್ರಿಯಾಪದ ಕೊನೇಲಿ ಬರೋದು, ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸೋದು ನಮ್ಮ ಕನ್ನಡದಲ್ಲೂ ಇದೆ, ಹಂಗಂತ ನಾವೇನು ಅವ್ರ ದಾಯಾದಿಗಳಾ?

ಮೊದಲ್ನೇದು ನಿಜ, ಆದ್ರೆ ಅದು ಎಪ್ಪತ್ತು ಚಿಲ್ರೆ ವರ್ಷದ ನಂಟು, ಶುರುವಾಗಿದ್ದು ಪ್ರೀತಿಯಿಂದ ಅಲ್ಲ. 1950ರ ಜೂನ್‌ನಲ್ಲಿ ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ತು, ವಿಶ್ವಸಂಸ್ಥೆ ಸೈನ್ಯ ಕೇಳ್ತು. ಟರ್ಕಿಗೆ ಆಗ ಪಕ್ಕದಲ್ಲೇ ಸೋವಿಯತ್ ಭಯ, ಅಮೆರಿಕ, ಯುರೋಪಿನೋರ ಸೈನಿಕ ಒಕ್ಕೂಟ ನ್ಯಾಟೋ ಸೇರ್ಬೇಕು ಅಂತ ಒದ್ದಾಡ್ತಿತ್ತು, ನ್ಯಾಟೋದವ್ರು ಒಳಗೆ ಬಿಟ್ಕೊಳ್ತಿರ್ಲಿಲ್ಲ. ಪ್ರಧಾನಿ ಮೆಂದೆರೆಸ್ ಸರ್ಕಾರ ಸಂಸತ್ತನ್ನೂ ಕೇಳ್ದೆ ಸುಮಾರು 5000 ಜನರ ಬ್ರಿಗೇಡ್ ಕಳಿಸ್ತೀವಿ ಅಂದ್ಬಿಡ್ತು. ಇದನ್ನ ವಿರೋಧಿಸಿದ ಬೆಹಿಜೆ ಬೊರಾನ್ ಅನ್ನೋ ಸಮಾಜಶಾಸ್ತ್ರಜ್ಞೇನ ಜೈಲಿಗೆ ಹಾಕಿದ್ರು. 1952ರ ಫೆಬ್ರವರೀಲಿ ಟರ್ಕಿಗೆ ನ್ಯಾಟೋ ಸದಸ್ಯತ್ವ ಸಿಕ್ತು. ಲೆಕ್ಕಾಚಾರ ಇತ್ತಾ ಅಂದ್ರೆ ಇತ್ತು.

ಆದ್ರೆ ಅನಾತೋಲಿಯಾದ ಹಳ್ಳಿಯಿಂದ ಹೋದ ಹುಡುಗನಿಗೆ ನ್ಯಾಟೋ ಕಟ್ಕೊಂಡು ಏನಾಗ್ಬೇಕಿತ್ತು ಹೇಳಿ. ಜನರಲ್ ತಹ್ಸಿನ್ ಯಾಜಿಜಿ ಕೈಕೆಳಗೆ ಅಕ್ಟೋಬರ್‌ನಲ್ಲಿ ಬುಸಾನ್‌ನಲ್ಲಿ ಇಳಿದ್ರು, ಮುಂದಿನ ತಿಂಗಳೇ ಉತ್ತರ ಕೊರಿಯಾದ ಕುನು-ರಿ ಹತ್ರ, ಉತ್ತರದವ್ರ ಪರ ಯುದ್ಧಕ್ಕಿಳಿದಿದ್ದ ಚೀನಾ ಸೈನ್ಯದ ಎದುರಿಗೆ ಸಿಕ್ಕಾಕೊಂಡ್ರು, ಮೈ ಕೊರೆಯೋ ಚಳಿ, ಪಕ್ಕದಲ್ಲಿದ್ದ ದಕ್ಷಿಣ ಕೊರಿಯಾ ಪಡೆ ಆಗ್ಲೇ ಚದುರಿಹೋಗಿತ್ತು, ಅಮೆರಿಕನ್ನರ ಆರ್ಡರ್ ಅರ್ಥ ಆಗೋದೇ ಕಷ್ಟ, ಆದ್ರೂ ಅಲ್ಲಿ ಅವ್ರು ತಡೆದು ನಿಂತಿದ್ರಿಂದ ಹಿಂದೆ ಸರೀತಿದ್ದ ಬೇರೆ ಪಡೆಗಳಿಗೆ ಟೈಮ್ ಸಿಕ್ತು. ಯುದ್ಧ ಮುಗಿಯೋಷ್ಟರಲ್ಲಿ 700ಕ್ಕೂ ಹೆಚ್ಚು ಜನ ಸತ್ತಿದ್ರು. ಬುಸಾನ್‌ನ ವಿಶ್ವಸಂಸ್ಥೆ ಸ್ಮಶಾನದಲ್ಲಿ 462 ಟರ್ಕಿ ಸೈನಿಕರ ಸಮಾಧಿ ಇದೆ, ಅಲ್ಲಿ ಬ್ರಿಟನ್ ಬಿಟ್ರೆ ಅತಿ ಹೆಚ್ಚು ಇವ್ರದ್ದೇ.

ಸುವಾನ್‌ನಲ್ಲಿ ಇದೇ ಸೈನಿಕರು ಯುದ್ಧದಲ್ಲಿ ಅಪ್ಪ ಅಮ್ಮನ್ನ ಕಳ್ಕೊಂಡ ಮಕ್ಕಳಿಗೆ "ಅಂಕಾರಾ ಶಾಲೆ" ಅಂತ ಮಾಡಿದ್ರು, ಊಟ, ಬಟ್ಟೆ, ಪಾಠ ಎಲ್ಲ ಅಲ್ಲೇ. ಸುಲೇಮಾನ್ ದಿಲ್‌ಬಿರ್ಲಿ ಅನ್ನೋ ಸಾರ್ಜೆಂಟ್ ಒಂದು ಪುಟ್ಟ ಹುಡುಗೀನ ಎತ್ಕೊಂಡು ಬಂದು, ಅಯ್ಲಾ ಅಂತ ಹೆಸರಿಟ್ಟು, ವಾಪಸ್ ಊರಿಗೆ ಹೋಗೋ ತನಕ ಜೊತೇಲೇ ಇಟ್ಕೊಂಡು ಸಾಕಿದ, ಆಮೇಲೆ ಈ ಶಾಲೇಲಿ ಬಿಟ್ಟು ಹೋಗ್ಬೇಕಾಯ್ತು, ಅವ್ರಿಬ್ರು ಮತ್ತೆ ಸಿಕ್ಕಿದ್ದು 2010ರಲ್ಲಿ. 2017ರಲ್ಲಿ ಇದು ಸಿನಿಮಾನೂ ಆಯ್ತು. ಕೊರಿಯಾದಲ್ಲಿ ಇಸ್ಲಾಂಗೆ ನೆಲೆ ಸಿಕ್ಕಿದ್ದೂ ಟರ್ಕಿ ಬ್ರಿಗೇಡಿನ ಇಮಾಮರಿಂದಾನೇ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

(ನಮ್ಮೋರೂ ಇದ್ರು ಅಲ್ಲಿ. ಯುದ್ಧಕೈದಿಗಳನ್ನ ಯಾರನ್ನ ಎಲ್ಲಿಗೆ ಕಳಿಸ್ಬೇಕು ಅನ್ನೋ ಕಗ್ಗಂಟು ಬಿಡಿಸೋಕೆ 1953ರಲ್ಲಿ ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯ. ಆಮೇಲೆ ಅವ್ರು ಸೈಪ್ರಸ್‌ನಲ್ಲಿ ಗ್ರೀಕರು-ಟರ್ಕರ ಜಗಳದ ಮಧ್ಯೆ ಶಾಂತಿಪಡೆ ನಡೆಸ್ತಾ 1965ರಲ್ಲಿ ಅಲ್ಲೇ ತೀರ್ಕೊಂಡ್ರು.)

ಆದ್ರೂ ನನ್ ಪ್ರಕಾರ ಮಾಮೂಲಿ ಕೊರಿಯನ್ನರಿಗೆ ಇದು ಮನಸ್ಸಿಗೆ ಹತ್ತಿದ್ದು ಕೊರಿಯಾದಲ್ಲೂ ನಡೆದ 2002ರ ಫುಟ್‌ಬಾಲ್ ವರ್ಲ್ಡ್ ಕಪ್ಪಲ್ಲಿ. ಟರ್ಕೀಲಿ ಕೊರಿಯಾಗೆ ಹೋಗ್ಬಂದ ತಾತಂದ್ರು ಕತೆ ಹೇಳ್ಕೊಂಡೇ ಇದ್ರು, ಕೊರಿಯಾ ಕಡೆ ಅದು ಪಾಠದ ಪುಸ್ತಕದ ಒಂದು ಸಾಲು ಅಷ್ಟೇ. ಜೂನ್ 3ಕ್ಕೆ ಉಲ್ಸಾನ್‌ನಲ್ಲಿ ಟರ್ಕಿ-ಬ್ರೆಜಿಲ್ ಮ್ಯಾಚು, ರೆಫರಿ ಕೊರಿಯಾದವ್ರು. ಕೊನೇಲಿ ಬ್ರೆಜಿಲ್‌ಗೆ ಪೆನಾಲ್ಟಿ ಕೊಟ್ರು, ಟರ್ಕಿಯ ಇಬ್ರಿಗೆ ರೆಡ್ ಕಾರ್ಡ್, ಅದ್ರಲ್ಲೊಂದು ಬಾಲು ಕಾಲಿಗೆ ಬಿದ್ರೂ ಬ್ರೆಜಿಲ್‌ನ ರಿವಾಲ್ಡೊ ಮುಖ ಹಿಡ್ಕೊಂಡು ಹೊರಳಾಡಿದ ನಾಟಕದ ಸೀನು. ಟರ್ಕೀಲಿ ಜನ ಕೆಂಡ ಆದ್ರು. ಕೊರಿಯಾದವ್ರಿಗೆ ನಾಚಿಕೆ ಆಯ್ತೋ ಏನೋ, ಮುಂದಿನ ಮ್ಯಾಚುಗಳಿಗೆ ಟರ್ಕಿ ಬಾವುಟ ಹಿಡ್ಕೊಂಡು ಗುಂಪುಗುಂಪಾಗಿ ಹೋಗಿ ಚಿಯರ್ ಮಾಡಿದ್ರು. ಆಮೇಲೆ ನೋಡಿ, ಇಬ್ರೂ ಸೆಮಿಫೈನಲ್ ಸೋತು ಜೂನ್ 29ಕ್ಕೆ ಡೇಗುನಲ್ಲಿ ಮೂರನೇ ಸ್ಥಾನಕ್ಕೆ ಎದುರಾಬದುರಾ. ಟರ್ಕಿಯ ಹಕಾನ್ ಶುಕುರ್ 11 ಸೆಕೆಂಡಿಗೆ ಗೋಲ್ ಹೊಡ್ದ, ವರ್ಲ್ಡ್ ಕಪ್ಪಲ್ಲಿ ಇವತ್ತಿಗೂ ಅದೇ ರೆಕಾರ್ಡ್. 3-2, ಟರ್ಕಿ ಗೆಲ್ತು. ಸೋತ ಊರಿನ ಸ್ಟ್ಯಾಂಡ್‌ನಲ್ಲಿ ಗೆದ್ದೋರ ದೊಡ್ಡ ಬಾವುಟ, ಮೈದಾನದಲ್ಲಿ ಎರಡೂ ಟೀಮು ಕೈಕೈ ಹಿಡ್ಕೊಂಡು ಜನಕ್ಕೆ ನಮಸ್ಕಾರ ಮಾಡಿದ್ರು. ಆ ಮ್ಯಾಚಲ್ಲಿ ಟರ್ಕಿ ವಿರುದ್ಧ ಗೋಲ್ ಹೊಡ್ದ ಕೊರಿಯಾದ ಲೀ ಉಲ್-ಯೊಂಗ್‌ನೇ ಆಮೇಲೆ ಟರ್ಕಿಯ ಕ್ಲಬ್ ಟ್ರಾಬ್‌ಜಾನ್‌ಸ್ಪೋರ್ ಸೇರ್ಕೊಂಡ, ಟರ್ಕಿ ಕೋಚ್ ಶೆನೊಲ್ ಗುನೆಶ್ 2007ರಲ್ಲಿ ಕೊರಿಯಾದ ಕ್ಲಬ್ ಎಫ್‌ಸಿ ಸೋಲ್‌ಗೆ ಕೋಚ್ ಆಗಿ ಬಂದ್ರು.

ವ್ಯಾಪಾರಾನೂ ಇದೆ, ಟರ್ಕಿಯ ಇಜ್ಮಿತ್‌ನಲ್ಲಿ ಕೊರಿಯಾದ ಹ್ಯುಂಡೈ ಫ್ಯಾಕ್ಟ್ರಿ, 2022ರಲ್ಲಿ ಓಪನ್ ಆದ ಚನಕ್ಕಲೆ ಸೇತುವೆಲಿ ಕೊರಿಯಾ ಕಂಪನಿಗಳ ಪಾಲು, ಟರ್ಕಿಯ ಫಿರ್ತಿನಾ ತೋಪು ಕೊರಿಯಾದ ಕೆ9 ತೋಪಿನ ವಿನ್ಯಾಸದ ಮೇಲೇ ಕಟ್ಟಿದ್ದು. ಅದು ದುಡ್ಡಿನ ವಿಷ್ಯ, ಅಣ್ತಮ್ಮಂದ್ರಿಗೂ ಡಿಸ್ಕೌಂಟ್ ಕೊಡಲ್ಲ ಬಿಡಿ.

ಜನರ ಮಟ್ಟದಲ್ಲಿ ಇದು ಇನ್ನೂ ಜೀವಂತ ಇದೆ ಅಂತ ನಂಗನ್ಸಿದ್ದು 2021ರ ಆಗಸ್ಟ್‌ನಲ್ಲಿ. ಟರ್ಕೀಲಿ ಕಾಡ್ಗಿಚ್ಚು ಹತ್ಕೊಂಡು ಉರೀತಿತ್ತು, ಟೋಕಿಯೋ ಒಲಿಂಪಿಕ್ಸ್ ಮಹಿಳಾ ವಾಲಿಬಾಲ್ ಕ್ವಾರ್ಟರ್ ಫೈನಲ್‌ನಲ್ಲಿ ಕೊರಿಯಾ 3-2ಕ್ಕೆ ಟರ್ಕೀನ ಸೋಲಿಸ್ತು, ಆ ಹುಡ್ಗೀರು ಅಳ್ತಾ ಹೊರಗೆ ಬಂದ್ರು. ಕೊರಿಯಾ ಕ್ಯಾಪ್ಟನ್ ಕಿಮ್ ಯೊನ್-ಕ್ಯೊಂಗ್ ವರ್ಷಗಟ್ಲೆ ಇಸ್ತಾಂಬುಲ್‌ನ ಕ್ಲಬ್ ಫೆನೆರ್‌ಬಾಚೆಗೆ ಆಡ್ದೋಳು, ಎದುರು ಟೀಮಲ್ಲೇ ಹಳೇ ಗೆಳತೀರು. ಗೆದ್ದ ಖುಷೀಲಿದ್ದ ಕೊರಿಯಾ ಫ್ಯಾನ್ಸ್ ಅವ್ಳ ಹೆಸರಲ್ಲೇ ಟರ್ಕಿಗೆ ಗಿಡ ನೆಡೋಕೆ ದುಡ್ಡು ಕಳಿಸೋಕೆ ಶುರು ಮಾಡಿದ್ರು, ಯಾವ ಸರ್ಕಾರಾನೂ ಹೇಳಿರ್ಲಿಲ್ಲ.