ಮಂಡಿ ಹೋದವರೆಲ್ಲ ಎಮೆರಿ ಆಗಲ್ಲ

ಸ್ಪೇನಿನ ಫುಟ್‌ಬಾಲ್ ಕೋಚ್ ಉನಾಯ್ ಎಮೆರಿ ಬಗ್ಗೆ ಬರುವ ಪ್ರಶ್ನೆಗಳನ್ನು ಇಷ್ಟು ದಿನ ಪಕ್ಕಕ್ಕಿಟ್ಟಿದ್ದೆ. ಇವತ್ತು ಉತ್ತರ ಬರೆಯುತ್ತಿದ್ದೇನೆ, ಖುಷಿಯಿಂದೇನೂ ಅಲ್ಲ. ಕೇಳಿದ್ದನ್ನೇ ಕೇಳುತ್ತಿದ್ದೀರಿ. ಜೊತೆಗೆ ಅರ್ಧಂಬರ್ಧ ಕಥೆ ನಂಬಿಕೊಂಡು ಹುಡುಗರು ದಾರಿ ತಪ್ಪುತ್ತಿದ್ದಾರೆ. ಆಫ್‌ಸೈಡ್ ಅಂದರೇನು, ಯುರೋಪಾ ಲೀಗ್ ಅಂದರೇನು ಅಂತ ಇಲ್ಲಿ ಹೇಳಲ್ಲ. ಅಷ್ಟೂ ಗೊತ್ತಿಲ್ಲದವರು ಈ ಅಂಕಣದ ಕಡೆ ಬರಲ್ಲ ಅಂದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಬೆಂಗಳೂರಿನಲ್ಲಿ ಬಿ ಡಿವಿಷನ್ ಕ್ಲಬ್ ಒಂದಕ್ಕೆ ಆಡುತ್ತಾನೆ. ನಾಲ್ಕು ತಿಂಗಳ ಹಿಂದೆ ಮಂಡಿ ತಿರುಚಿತು. ನಾಟಿ ವೈದ್ಯರ ಹತ್ತಿರ ಎಣ್ಣೆ ಹಾಕಿಸಿ ಕಟ್ಟು ಕಟ್ಟಿಸಿದೆವು. ಈಗ ‘ಎಮೆರಿ ಕೂಡ ಮಂಡಿ ಹೋದ ಮೇಲೇ ಕೋಚ್ ಆಗಿದ್ದು, ನಾನೂ ಆಟ ಬಿಟ್ಟು ಕೋಚ್ ಆಗ್ತೀನಿ’ ಅನ್ನುತ್ತಿದ್ದಾನೆ. ಒಪ್ಪಬಹುದಾ ಸಾರ್?

ಉತ್ತರ: ಮೊದಲು ಮಂಡಿ ವಿಷಯ. ನಾಲ್ಕು ತಿಂಗಳಾಯಿತು, ಮೂಳೆ ಡಾಕ್ಟರಿಗೆ ತೋರಿಸಿಲ್ಲ, ಒಂದು ಎಂಆರ್‌ಐ ಮಾಡಿಸಿಲ್ಲ. ಹರಿದ ಲಿಗಮೆಂಟು ಎಣ್ಣೆ ತಿಕ್ಕಿದರೆ ಕೂಡಿಕೊಳ್ಳಲ್ಲ. ಊತ ಇಳಿದರೆ ವಾಸಿಯಾಯಿತು ಅಂತಲೂ ಅಲ್ಲ. ಮೆಟ್ಟಿಲು ಇಳಿಯುವಾಗ ಮಂಡಿ ಜಾರಿದ ಹಾಗೆ ಆಗುತ್ತಾ ಅಂತ ಮಗನನ್ನು ಕೇಳಿ. ಹೌದು ಅಂದರೆ ಈ ವಾರವೇ ಕರೆದುಕೊಂಡು ಹೋಗಿ. ನಾನು ಆಡುತ್ತಿದ್ದಾಗ ನನ್ನ ಎಡ ಮಂಡಿಗೂ ಸೊಪ್ಪು ಅರೆದು ಕಟ್ಟಿದ್ದರು. ಎರಡು ಸೀಸನ್ ಹೋಯಿತು. ಇವತ್ತಿಗೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗಲ್ಲ. ಅದಕ್ಕೇ ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಅಂದಹಾಗೆ, ಕೋಚಿಗೂ ಮಂಡಿ ಬೇಕು. ದಿನಕ್ಕೆ ಮೂರು ಗಂಟೆ ಗ್ರೌಂಡಲ್ಲಿ ನಿಲ್ಲುವ ಕೆಲಸ ಇದು.

ಈಗ ಎಮೆರಿ. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಲೋರ್ಕಾ ಅಂತ ಸ್ಪೇನಿನ ಮೂರನೇ ಹಂತದ ಒಂದು ಸಣ್ಣ ಕ್ಲಬ್. ಅಲ್ಲಿ ಎಮೆರಿ ಮಂಡಿ ನೋವಿನಿಂದ ಹೊರಗೆ ಕೂತಿದ್ದರು. 2004–05ರ ಸೀಸನ್ ನಡುವೆಯೇ ಕ್ಲಬ್ಬಿನ ಅಧ್ಯಕ್ಷರು ‘ಟೀಮು ನೀವೇ ನೋಡಿಕೊಳ್ಳಿ’ ಅಂದರು. ಅದೇ ಸೀಸನ್ ಲೋರ್ಕಾ ಎರಡನೇ ಹಂತಕ್ಕೆ ಏರಿತು. ಎಮೆರಿ ಬಗ್ಗೆ ಬರುವ ವಿಡಿಯೋಗಳು ಕಥೆಯನ್ನು ಇಲ್ಲಿಂದಲೇ ಶುರು ಮಾಡುತ್ತವೆ.

ಆಗ ಎಮೆರಿಗೆ 33 ವರ್ಷ. ಅದಕ್ಕೆ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಆಡಿದ್ದರು. ದೊಡ್ಡ ಆಟಗಾರ ಅಂತೂ ಅಲ್ಲ. ರಿಯಲ್ ಸೊಸಿಯೆದಾದ್‌ನಲ್ಲಿ ಬೆಳೆದರೂ ಅದರ ಮೊದಲ ಟೀಮಿಗೆ ಲೀಗ್‌ನಲ್ಲಿ ಆಡಿದ್ದು ಐದೇ ಪಂದ್ಯ. ಆಮೇಲೆ ಟೊಲೆಡೊ, ರಾಸಿಂಗ್ ಫೆರೋಲ್, ಲೆಗಾನೆಸ್, ಕೊನೆಗೆ ಲೋರ್ಕಾ. ಮನೆಯಲ್ಲಿ ಅಪ್ಪ ಗೋಲಿ (ಗೋಲ್‌ಕೀಪರ್), ಅಜ್ಜನೂ ಗೋಲಿ. 1929ರಲ್ಲಿ ಸ್ಪೇನಿನ ಮೊದಲ ಹಂತದ ಲೀಗ್ ಲಾ ಲಿಗಾ ಶುರುವಾದಾಗ ಅದರ ಇತಿಹಾಸದ ಮೊಟ್ಟಮೊದಲ ಗೋಲು ಹೊಡೆಸಿಕೊಂಡವರು ಈ ಅಜ್ಜನೇ. ಇರೂನ್ ಊರಿನ ರಿಯಲ್ ಯೂನಿಯನ್ ಟೀಮಿನ ಗೋಲಿ. ಅಂದರೆ ಫುಟ್‌ಬಾಲ್ ಅಂದರೆ ಬರೀ ಗೆಲುವಲ್ಲ ಅನ್ನುವುದನ್ನು ಊಟದ ಹೊತ್ತಿಗೇ ಕೇಳಿಕೊಂಡು ಬೆಳೆದ ಹುಡುಗ. 22ಕ್ಕೂ 33ಕ್ಕೂ ನಡುವೆ ಹನ್ನೊಂದು ವರ್ಷದ ಡ್ರೆಸ್ಸಿಂಗ್ ರೂಮ್ ಇದೆ. ಬೆಂಚಲ್ಲಿ ಕೂತವನ ಮುಖ ಹೇಗಿರುತ್ತೆ, ಸಂಬಳ ತಡವಾದರೆ ಟೀಮು ಹೇಗೆ ಆಡುತ್ತೆ, ಇದೆಲ್ಲ ಕೋರ್ಸಲ್ಲಿ ಕಲಿಸಲ್ಲ.

ಇನ್ನೊಂದು, ಅವರ ಹುಚ್ಚು. ಸ್ಪೇನಿನ ವಲೆನ್ಸಿಯಾ ಕ್ಲಬ್ಬಿನ ಕೋಚ್ ಆಗಿದ್ದಾಗ ಆಟಗಾರರಿಗೆ ಪೆನ್‌ಡ್ರೈವ್‌ನಲ್ಲಿ ವಿಡಿಯೋ ಹಾಕಿ ಮನೆಗೆ ಕಳಿಸುತ್ತಿದ್ದರಂತೆ. ಒಬ್ಬ ಆಟಗಾರ ನೋಡುತ್ತಲೇ ಇಲ್ಲ ಅಂತ ಅನುಮಾನ ಬಂತು. ಅವನಿಗೆ ಖಾಲಿ ಪೆನ್‌ಡ್ರೈವ್ ಕೊಟ್ಟರು. ಮಾರನೇ ದಿನ ‘ನೋಡಿದೆಯಾ?’ ಅಂದರೆ ‘ಓ, ನೋಡಿದೆ’ ಅಂದನಂತೆ ಪುಣ್ಯಾತ್ಮ! ಅದೇ ಟೀಮಲ್ಲಿದ್ದ ಹೋಕಿನ್, ಎಮೆರಿ ತೋರಿಸಿದ ವಿಡಿಯೋ ನೋಡಿ ನೋಡಿ ನನ್ನ ಪಾಪ್‌ಕಾರ್ನೇ ಮುಗಿದುಹೋಯಿತು ಅಂತ ತಮಾಷೆ ಮಾಡಿದ್ದರು. ಇಷ್ಟು ಕಾಟ ಕೊಟ್ಟ ಮನುಷ್ಯ ಏನು ಮಾಡಿದರು ನೋಡಿ. ಸಾಲದಲ್ಲಿದ್ದ ಕ್ಲಬ್ಬು 2010ರಲ್ಲಿ ತನ್ನ ದೊಡ್ಡ ಆಟಗಾರರಾದ ವಿಯಾ, ಸಿಲ್ವಾ ಇಬ್ಬರನ್ನೂ ಮಾರಿತು. ಆದರೂ 2010ರ ಹಾಗೆಯೇ 2011, 2012ರಲ್ಲೂ ಟೀಮು ಲಾ ಲಿಗಾದಲ್ಲಿ ಮೂರನೇ ಸ್ಥಾನದಲ್ಲಿತ್ತು. ಮುಂದೆ ಇದ್ದವರು ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್. ಅಷ್ಟಾದರೂ ಅಭಿಮಾನಿಗಳು ಶಿಳ್ಳೆ ಹೊಡೆದು ಬೈಯುತ್ತಿದ್ದರು.

ಬೈಸಿಕೊಳ್ಳುವುದೂ ಈ ಕೆಲಸದಲ್ಲೇ ಸೇರಿದೆ. ನಿಮ್ಮ ಮಗನಿಗೆ ಇದನ್ನೂ ಹೇಳಿ. 2012ರಲ್ಲಿ ಸ್ಪಾರ್ಟಕ್ ಮಾಸ್ಕೊದಲ್ಲಿ ಆರು ತಿಂಗಳೂ ನಿಲ್ಲಲಿಲ್ಲ. 2017ರಲ್ಲಿ ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ಬಿನ ಕೋಚ್ ಆಗಿ ಬಾರ್ಸಿಲೋನಾವನ್ನು 4–0 ಹೊಡೆದು, ಎರಡನೇ ಪಂದ್ಯದಲ್ಲಿ 6–1 ಸೋತು ಹೊರಬಿದ್ದರು. ಆ ರಾತ್ರಿ ಆದ ಮೇಲೆ ಮಾರನೇ ಬೆಳಗ್ಗೆ ಟ್ರೇನಿಂಗ್‌ಗೆ ಹೋಗಬೇಕು. ಹೋಗುತ್ತಾನಾ ನಿಮ್ಮ ಹುಡುಗ?

ಹೋಗುತ್ತೇನೆ ಅಂದರೆ ದಾರಿ ಇದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ಡಿ ಕೋಚಿಂಗ್ ಲೈಸೆನ್ಸ್, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಒಂದಾದ ಮೇಲೆ ಒಂದು, ನಡುವೆ ನಿಜವಾದ ಟೀಮಿನ ಜೊತೆ ಕೆಲಸ. ಲೈಸೆನ್ಸಿಗೂ ಮೊದಲು ಆರು ತಿಂಗಳು ಯಾರಾದರೂ ಒಳ್ಳೆ ಕೋಚ್ ಕೈಕೆಳಗೆ ಅಂಡರ್-13 ಮಕ್ಕಳ ಜೊತೆ ನಿಲ್ಲಲಿ. ಬೆಳಗ್ಗೆ ಐದೂವರೆಗೆ ಬಂದು ಕೋನ್ ಇಡಲಿ, ಸಂಜೆ ಎಣಿಸಿ ಚೀಲಕ್ಕೆ ಹಾಕಲಿ. ಹೋದ ವರ್ಷ ನನ್ನ ಹತ್ತಿರ ಒಬ್ಬ ಬಂದಿದ್ದ. ಕೈಯಲ್ಲಿ ಟ್ಯಾಕ್ಟಿಕ್ಸ್ ಬೋರ್ಡು, ಬಾಯಲ್ಲಿ 4-4-2. ಮೂರನೇ ವಾರಕ್ಕೂ ಒಂದು ಮಗುವಿನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ‘ಏಯ್ ನೀಲಿ ಶರ್ಟು’ ಅಂತಲೇ ಕರೆಯುತ್ತಿದ್ದ. ಕಳಿಸಿಬಿಟ್ಟೆ.

ಮತ್ತೆ, ಮಂಡಿ ವಾಸಿಯಾದರೆ ಹುಡುಗ ಆಡಲಿ ಬಿಡಿ. 22 ಕೋಚ್ ಆಗುವ ವಯಸ್ಸಲ್ಲ.

ಪ್ರಶ್ನೆ: ದೊಡ್ಡ ಆಟಗಾರರು ಒಳ್ಳೆ ಕೋಚ್ ಆಗಲ್ಲ ಅನ್ನುವುದು ನಿಜವೇ?

ಉತ್ತರ: ಬಾರ್ಸಿಲೋನಾಕ್ಕೆ ಆಡಿ, ಆಮೇಲೆ ಅದಕ್ಕೇ ಕೋಚ್ ಆಗಿ ಗೆದ್ದ ಗಾರ್ಡಿಯೋಲಾ ಹೆಸರು ಕೇಳಿದ್ದೀರಾ?

ಪ್ರಶ್ನೆ: ಯುರೋಪಾ ಲೀಗ್ ಎಮೆರಿಯ ಜಾತಕದಲ್ಲೇ ಬರೆದಿದೆ ಅಂತಾರೆ. ಅದೃಷ್ಟ ಅಲ್ಲದೆ ಇನ್ನೇನು?

ಉತ್ತರ: ಯುರೋಪಾ ಪಂದ್ಯಗಳು ಸಾಮಾನ್ಯವಾಗಿ ಗುರುವಾರ. ಗುರುಬಲ ಇರಬೇಕು, ಅಲ್ವಾ?

ಅದೃಷ್ಟ ಇರಲಿಲ್ಲ ಅಂತಲ್ಲ. 2013–14ರಲ್ಲಿ ಎಮೆರಿ ಕೋಚ್ ಆಗಿದ್ದ ಸೆವಿಯ್ಯಾ ಆ ಟೂರ್ನಿಗೆ ಬಂದಿದ್ದೇ ಹಿಂಬಾಗಿಲಿಂದ. ಹಿಂದಿನ ಸೀಸನ್ ಲೀಗಲ್ಲಿ ಒಂಬತ್ತನೇ ಸ್ಥಾನ. ಮೇಲಿದ್ದ ಮಲಾಗಾ, ರಾಯೋ ಕ್ಲಬ್ಬುಗಳಿಗೆ ಆಡಲು ಅವಕಾಶ ಸಿಗಲಿಲ್ಲ, ಹಾಗಾಗಿ ಇವರಿಗೆ ಸಿಕ್ಕಿತು. ಬಂದು ಕಪ್ ಗೆದ್ದರು. ಮುಂದಿನ ಎರಡು ವರ್ಷವೂ ಗೆದ್ದರು. ಆದರೆ 2015–16ರ ಲಾ ಲಿಗಾದಲ್ಲಿ ಅದೇ ಟೀಮು ಹೊರಗಿನ ಮೈದಾನದಲ್ಲಿ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ! ಜಾತಕ ಭಾನುವಾರ ರಜೆ ಹಾಕುತ್ತಿತ್ತಾ? ಒಬ್ಬನೇ ಎದುರಾಳಿ, ಎರಡು ಪಂದ್ಯ, 180 ನಿಮಿಷ. ಆ ಲೆಕ್ಕಕ್ಕೆ ಅವರಷ್ಟು ತಯಾರಿ ಮಾಡುವವರು ಕಡಿಮೆ, ನನ್ನ ಪ್ರಕಾರ ಅಷ್ಟೇ ವಿಷಯ. 2021ರ ಫೈನಲ್‌ನಲ್ಲಿ ಎಮೆರಿಯ ಟೀಮು, ಪುಟ್ಟ ಊರಿನ ವಿಯಾರಿಯಲ್, ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಪೆನಾಲ್ಟಿಯಲ್ಲಿ 11–10ರಿಂದ ಸೋಲಿಸಿತು. ಗೋಲಿಗಳೂ ಒದ್ದರು. ಅದರಲ್ಲಿ ಸ್ವಲ್ಪ ಅದೃಷ್ಟ ಇತ್ತು, ಒಪ್ಪುತ್ತೇನೆ.

ಪ್ರಶ್ನೆ: ನಾನು ಹಾವೇರಿ ಕಡೆಯವನು, ಇಂಗ್ಲಿಷ್ ಸರಿಯಾಗಿ ಬರಲ್ಲ. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಲ್ಲಿ ಎಮೆರಿ ಸೋತಿದ್ದೂ ಇಂಗ್ಲಿಷ್‌ನಿಂದಲೇ ಅಂತಾರೆ. ನನ್ನಂಥವರು ಕೋಚಿಂಗ್ ಆಸೆ ಬಿಡಬೇಕಾ?

ಉತ್ತರ: ಅವರ ‘ಗುಡ್ ಎಬನಿಂಗ್’ ಅನ್ನು ಹಂಗಿಸಿ ನಕ್ಕವರು ಬೇಕಾದಷ್ಟು ಜನ. ಅದೇ ಇಂಗ್ಲಿಷ್‌ನಲ್ಲೇ ಆರ್ಸೆನಲ್ ಮೊದಲ ಸೀಸನ್ನಿನಲ್ಲಿ 22 ಪಂದ್ಯ ಸತತವಾಗಿ ಸೋಲದೆ ಆಡಿತ್ತು. ಆಗ ಯಾರಿಗೂ ವ್ಯಾಕರಣ ನೆನಪಾಗಲಿಲ್ಲ. ಸೋಲತೊಡಗಿದ ಮೇಲೆ ನೆನಪಾಯಿತು. 2019ರ ನವೆಂಬರ್‌ನಲ್ಲಿ ಕಳಿಸಿದರು. 2022ರಲ್ಲಿ ಆಸ್ಟನ್ ವಿಲ್ಲಾ ಕೋಚ್ ಆಗಿ ಅದೇ ಇಂಗ್ಲೆಂಡಿಗೆ ವಾಪಸ್ ಬಂದರು. ಆಗ ವಿಲ್ಲಾ ಪಟ್ಟಿಯ ಕೆಳಭಾಗದಲ್ಲಿ ಒದ್ದಾಡುತ್ತಿತ್ತು. ಆ ಸೀಸನ್ 7ನೇ ಸ್ಥಾನ, ಮುಂದಿನ ಸೀಸನ್ 4ನೇ ಸ್ಥಾನ. 1982–83ರ ನಂತರ ಮೊದಲ ಸಲ ವಿಲ್ಲಾ ಯುರೋಪಿನ ದೊಡ್ಡ ಟೂರ್ನಿಗೆ ಹೋಯಿತು, ಜರ್ಮನಿಯ ಬೇಯರ್ನ್ ಅನ್ನು 1–0 ಸೋಲಿಸಿತು. ನೀವು ಕನ್ನಡದಲ್ಲೇ ಮಕ್ಕಳಿಗೆ ಹೇಳಿಕೊಡಿ. ಕೋರ್ಸಿಗೆ ಬೇಕಾದ ಇಂಗ್ಲಿಷ್ ಕಲಿಯಲು ಮೂರು ತಿಂಗಳು ಸಾಕು, ಅದಕ್ಕೆ ಹೆದರಬೇಡಿ.

ಪ್ರಶ್ನೆ: ಬೆಂಗಳೂರು ಎಫ್‌ಸಿಗೆ ಸ್ಪೇನಿನ ಕೋಚ್ ಬಂದರೆ ಸಾಕು, ಕಪ್ ಗ್ಯಾರಂಟಿ ಅಲ್ವಾ?

ಉತ್ತರ: ಸ್ಪೇನಿನಿಂದಲೇ ಬಂದ ರೋಕಾ 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದುಕೊಂಡು ಹೋದರು, ಅಲ್ಲಿಂದಲೇ ಬಂದ ಕ್ವಾದ್ರಾತ್ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದುಕೊಟ್ಟರು. ಆದರೆ ಅದೇ ಕ್ವಾದ್ರಾತ್ 2021ರ ಜನವರಿಯಲ್ಲಿ ಹೊರಟರು. ಪಾಸ್‌ಪೋರ್ಟ್ ಗೋಲು ಹೊಡೆಯಲ್ಲ.

ಪ್ರಶ್ನೆ: ವಿಲ್ಲಾ ಥರ ನಮ್ಮ ಅಂಡರ್-13 ಡಿಫೆನ್ಸನ್ನು ಅರ್ಧ ಮೈದಾನದವರೆಗೆ ಏರಿಸಿದೆ. 7–0 ಸೋತೆವು. ಎಲ್ಲಿ ತಪ್ಪಾಯಿತು?

ಉತ್ತರ: 2023–24ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ ಎದುರಾಳಿಗಳನ್ನು ಎಲ್ಲರಿಗಿಂತ ಜಾಸ್ತಿ ಸಲ ಆಫ್‌ಸೈಡ್‌ಗೆ ಸಿಕ್ಕಿಸಿದ್ದು ವಿಲ್ಲಾ, ನಿಜ. ಆದರೆ ಮುಂದೆ ಬಾಲ್ ಇರುವವನ ಮೇಲೆ ಯಾರಾದರೂ ಬಿದ್ದಿದ್ದರೆ ಮಾತ್ರ ಹಿಂದಿನವರು ಏರಬೇಕು. ಅವನು ತಲೆ ಎತ್ತಿ ಆರಾಮಾಗಿ ನೋಡುತ್ತಿದ್ದರೆ ಹಿಂದಕ್ಕೆ ಓಡಬೇಕು. ನಿಮ್ಮ ಗೋಲಿ ಆಗ ಎಲ್ಲಿ ನಿಂತಿದ್ದ? ಗೋಲ್ ಗೆರೆ ಮೇಲೆ, ಅಲ್ವಾ? ಇನ್ನೆರಡು ವರ್ಷ ಮಕ್ಕಳಿಗೆ ಬಾಲ್ ಕೊಟ್ಟು ಆಡಿಸಿ, ಸಾಕು.

ಪ್ರಶ್ನೆ: ವಾಟ್ಸಾಪಿನಲ್ಲಿ ‘15 ದಿನದಲ್ಲಿ ಎಮೆರಿ ವಿಧಾನದ ಕೋಚಿಂಗ್ ಸರ್ಟಿಫಿಕೇಟ್, 12,000 ರೂಪಾಯಿ’ ಅಂತ ಬಂದಿದೆ. ಸೇರಬಹುದಾ?

ಉತ್ತರ: ಬೇಡ. ಎಮೆರಿಗೆ ಆ ವಿಧಾನದ ಸುದ್ದಿಯೇ ಗೊತ್ತಿರಲ್ಲ. ಆ ದುಡ್ಡಿಗೆ ಒಂದು ಡಜನ್ ಬಾಲ್ ತಗೊಳ್ಳಿ. ಪಂಪ್ ಮರೀಬೇಡಿ, ಸೂಜಿ ಎರಡು ಇರಲಿ.