ರಾಂದೋರಿಗೆ ಜೊತೆಗಾರರು ಸಿಗದಿದ್ದರೆ

ಜೂಡೋ ಸೇರಿ ಮೂರು ವಾರ, ರಾಂದೋರಿ (ಇಬ್ಬರು ಮುಕ್ತವಾಗಿ ಸೆಣಸುವ ಅಭ್ಯಾಸ) ಹೊತ್ತಿಗೆ ಹಳಬರೆಲ್ಲ ನಿಮ್ಮನ್ನು ತಪ್ಪಿಸುತ್ತಾರೆ ಅಂದಿದ್ದೀರಿ. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಹೆಚ್ಚಾಗಿ ಇದು ಬಿಗಿ ಕೈಯ ಸಮಸ್ಯೆ. ಬೀಳುವ ಭಯಕ್ಕೆ ಎರಡೂ ತೋಳನ್ನು ಕೋಲಿನಂತೆ ಚಾಚಿ ತಳ್ಳುತ್ತಾ ನಿಂತರೆ ಇಬ್ಬರಿಗೂ ಅಭ್ಯಾಸವಾಗುವುದಿಲ್ಲ. ಮೇಲಾಗಿ, ಬೀಳುವಾಗ ಆ ಕೈಯನ್ನೇ ನೆಲಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ.

ಮೊದಲು ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವುದು. ಹತ್ತು ನಿಮಿಷ ಮುಂಚೆ ಹೋಗಿ ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಸಲ ಬೀಳಿ. ಗದ್ದ ಎದೆಗೆ, ಕಣ್ಣು ಬೆಲ್ಟಿನ ಗಂಟಿನ ಮೇಲೆ. ಅಂಗೈ ಮಾತ್ರವಲ್ಲ, ಇಡೀ ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಚಾಪೆಗೆ ಬಡಿಯಬೇಕು.

ಆಮೇಲೆ ಕರೆಯಲಿ ಅಂತ ಕಾಯದೆ ನೀವೇ ಒಬ್ಬ ಹಳಬರ ಎದುರು ಬಾಗಿ, "ನಿಧಾನಕ್ಕೆ ಆಡೋಣ, ನನ್ನನ್ನು ಎಸೆಯಿರಿ" ಅನ್ನಿ. ಮೊಣಕೈ ಮಡಿಸಿಯೇ ಹಿಡಿಯಿರಿ. ಎಸೆತ ಬಂದಾಗ ಜೋತುಬೀಳದೆ ಬಿದ್ದುಬಿಡಿ.

ನೆಲದಾಟದಲ್ಲಿ ಕತ್ತಿಗೋ ಮೊಣಕೈಗೋ ಪಟ್ಟು ಬಿದ್ದರೆ ಅವರ ಮೈಮೇಲೆ ಎರಡು ಸಲ ಗಟ್ಟಿಯಾಗಿ ತಟ್ಟಿ. ಕೈ ಸಿಕ್ಕಿಕೊಂಡಿದ್ದರೆ ಪಾದದಿಂದ ಚಾಪೆ ತಟ್ಟಿ, ಅಥವಾ "ಮೈತ್ತಾ" (ಸೋತೆ) ಅನ್ನಿ. ನೋವು ಶುರುವಾಗುವವರೆಗೆ ತಡೆಯುವುದು ಧೈರ್ಯವಲ್ಲ, ಜೊತೆಗಾರರಿಗೆ ತಲೆನೋವು.

ಕೈ ಬಿಗಿಯಿಲ್ಲ ಅನಿಸಿದರೆ ಶುಚಿ ನೋಡಿಕೊಳ್ಳಿ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಗುರು ಬೆರಳ ತುದಿ ದಾಟಬಾರದು, ಪ್ರತಿ ತರಗತಿಗೂ ಒಗೆದ ಗೀ (ಜೂಡೋ ಉಡುಪು), ಶೌಚಾಲಯಕ್ಕೆ ಚಪ್ಪಲಿ. ಗೀಯ ಎಡ ಅಂಚು ಮೇಲೆ ಬರಲಿ. ಬಲ ಮೇಲಾದರೆ ಜಪಾನಿನಲ್ಲಿ ಅದು ಶವಕ್ಕೆ ಉಡಿಸುವ ರೀತಿ.

ಎರಡು ವಾರದ ಮೇಲೂ ಹಾಗೇ ಇದ್ದರೆ ತರಗತಿ ಮುಗಿದ ಮೇಲೆ ಸೆನ್ಸೇಯನ್ನೇ (ಗುರುವನ್ನೇ) ಕೇಳಿ.